ವಾಡೆಯ ಜಾತಕ ದಫ್ತರದಲ್ಲಿದೆ

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ನಾನು ದನಿ ಏರಿಸುತ್ತೇನೆ.

ಸಂಘಟಕರು ನನಗೆ ಕೊಟ್ಟ ವಿಷಯ ನಮ್ಮ ಭಾಗದ ಅರಮನೆಗಳ ಏಳುಬೀಳು. ಅರಮನೆ ಅಂದಕೂಡಲೇ ಎಲ್ಲರಿಗೂ ಮೈಸೂರಿನದೇ ನೆನಪಾಗುತ್ತದೆ. ದೀಪ, ದಸರಾ, ಟಿಕೆಟ್ ಸಾಲು. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಅಂಥದ್ದೇನೂ ಇಲ್ಲ. ನಮ್ಮಲ್ಲಿರುವುದು ವಾಡೆ, ಅಂದರೆ ಅಧಿಕಾರದ ಮನೆತನಗಳ ದೊಡ್ಡ ಮನೆ. ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ, ನಾಡಗೌಡರ ವಾಡೆ, ನಾಡಿಗೇರ ವಾಡೆ. ಒಬ್ಬಿಬ್ಬರು ಸಂಸ್ಥಾನಿಕರು, ಒಬ್ಬ ನವಾಬ. ಅವರ ಮನೆಗೂ ಊರ ಮಂದಿ ವಾಡೆ ಅಂತಲೇ ಕರೆದದ್ದುಂಟು. ಹಾಗಾಗಿ ಇವತ್ತು ನಾನು ಅರಮನೆ, ವಾಡೆ ಎರಡನ್ನೂ ಬೆರೆಸಿ ಮಾತಾಡುತ್ತೇನೆ. ಯಾರೂ ತಕರಾರು ಮಾಡಬಾರದು.

ಹಾಳು ವಾಡೆಯ ಮುಂದೆ ನಿಂತವರು ಹೇಳುವ ಮಾತು ಎಲ್ಲ ಊರಲ್ಲೂ ಒಂದೇ. "ಎಂಥಾ ಮನೆ ಇತ್ತು, ಹೆಂಗಾಯ್ತು ನೋಡ್ರಿ." ಆಮೇಲೆ ಕಾರಣ ಹೇಳುತ್ತಾರೆ. ಮಕ್ಕಳು ದುಂದು ಮಾಡಿದರು, ಇಲ್ಲವೇ ಯಾರದೋ ಶಾಪ ತಟ್ಟಿತು. ಶಾಪದ ಕಥೆ ಇಲ್ಲದ ವಾಡೆಯನ್ನು ನಾನಂತೂ ಕಂಡಿಲ್ಲ. ಕಥೆ ಕೇಳಲು ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಒಂದು ವಾಡೆ ಯಾಕೆ ಎದ್ದಿತು, ಯಾಕೆ ಬಿತ್ತು ಅನ್ನುವುದು ಕಾಗದದಲ್ಲಿ ಬರೆದಿರುತ್ತದೆ. ಸನದು ಅಂದರೆ ದೊರೆ ಕೊಟ್ಟ ಹಕ್ಕುಪತ್ರ, ದತ್ತಕದ ಅರ್ಜಿ, ಮೃತ್ಯುಪತ್ರ, ವಾಟ್ಣಿ ಪತ್ರ ಅಂದರೆ ಆಸ್ತಿ ಪಾಲಿನ ಕಾಗದ, ಕೊನೆಗೆ ಸರ್ಕಾರದ ಕಾಯ್ದೆ. ಇಷ್ಟನ್ನು ಹಿಡಿದು ಓದಿದರೆ ಗೋಡೆ ಬಿದ್ದದ್ದು ಕಡೆಯ ಸಂಗತಿ ಅಂತ ಗೊತ್ತಾಗುತ್ತದೆ. ಮನೆ ಅದಕ್ಕೂ ಮೂವತ್ತು ನಲವತ್ತು ವರ್ಷ ಮೊದಲೇ ಬಿದ್ದಿರುತ್ತದೆ.

ಮೊದಲು ವಾಡೆ ಏನು ಕೆಲಸ ಮಾಡುತ್ತಿತ್ತು ನೋಡೋಣ. ವಿಜಾಪುರದ ಆದಿಲಶಾಹಿ ಕಾಲದಲ್ಲೂ, ಆಮೇಲೆ ಪೇಶ್ವೆಗಳ ಕಾಲದಲ್ಲೂ, ದೂರದಲ್ಲಿ ಕೂತ ದೊರೆಗೆ ಪ್ರತಿ ರೈತನ ಹತ್ತಿರ ಹೋಗಿ ಕಂದಾಯ ಕೇಳುವುದು ಆಗದ ಮಾತು. ಹತ್ತಾರು ಹಳ್ಳಿಗಳಿಗೆ ಒಬ್ಬ ದೇಸಾಯಿ. ಲೆಕ್ಕ ಬರೆಯಲು ಒಬ್ಬ ದೇಶಪಾಂಡೆ ಅಥವಾ ನಾಡಿಗ. ವಸೂಲಿಯಲ್ಲಿ ಅವರಿಗೆ ಪಾಲು. ಜೊತೆಗೆ ಇನಾಮು ಭೂಮಿ, ಅಂದರೆ ದೊರೆ ಉಂಬಳಿಯಾಗಿ ಬಿಟ್ಟುಕೊಟ್ಟ ಭೂಮಿ. ಇದಕ್ಕೆ ವತನ ಅನ್ನುತ್ತಿದ್ದರು. ತಂದೆಯಿಂದ ಮಗನಿಗೆ ಬರುವ ಹಕ್ಕು ಅದು.

ಮನೆ ಕಟ್ಟಿದ ರೀತಿಯಲ್ಲೂ ಈ ಕೆಲಸ ಕಾಣುತ್ತದೆ. ಕುದುರೆ ಮೇಲೆ ಕೂತವನು ತಲೆ ಬಗ್ಗಿಸದೆ ಒಳಗೆ ಬರುವಷ್ಟು ಎತ್ತರದ ಅಗಸಿ. ದೊಡ್ಡ ಬಾಗಿಲಲ್ಲೇ ಒಂದು ಸಣ್ಣ ದಿಡ್ಡಿ ಬಾಗಿಲು. ಮೂಲೆಯಲ್ಲಿ ಹುಡೆ, ಅಂದರೆ ದುಂಡನೆಯ ಬುರುಜು. ಒಳಗೆ ಹೋದರೆ ಎರಡೂ ಕಡೆ ಕಟ್ಟೆ. ಅಲ್ಲಿ ಗೌಡರು, ಕುಲಕರ್ಣಿಗಳು, ಓಲೆಕಾರರು ಕಾಯುತ್ತಾ ಕೂರುತ್ತಿದ್ದರು. ಮುಂದೆ ಸದರು, ಯಜಮಾನ ಕೂತು ಕಚೇರಿ ನಡೆಸುವ ಜಾಗ. ಅಲ್ಲಿ ರುಮಾಲಿನಲ್ಲಿ ಕಟ್ಟಿದ ದಫ್ತರದ, ಅಂದರೆ ಲೆಕ್ಕಪತ್ರಗಳ, ಗಂಟುಗಳು. ಅಂಗಳದಲ್ಲಿ ನೆಲದ ಕೆಳಗೆ ಜೋಳ ತುಂಬುವ ಹಗೇವು. ಹೆಂಗಸರ ಮನೆ ಇದೆಲ್ಲದರ ಹಿಂದೆ, ಎರಡನೆಯ ಚೌಕದಲ್ಲಿ. ಅಂದರೆ ತಾಲೂಕು ಕಚೇರಿ, ಖಜಾನೆ, ಗೋದಾಮು, ಪಂಚಾಯಿತಿ ಕಟ್ಟೆ ಎಲ್ಲ ಒಂದೇ ಸೂರಿನಡಿ. ಸಂಸಾರಕ್ಕೆ ಹಿಂದಿನ ಅರ್ಧ ಮಾತ್ರ.

1818ರಲ್ಲಿ ಪೇಶ್ವೆ ಆಳಿಕೆ ಮುಗಿಯಿತು. ಕಂಪನಿ ಸರ್ಕಾರ ಬಂತು. ಶುರುವಿನಲ್ಲಿ ಅವರು ವಾಡೆಗಳ ತಂಟೆಗೆ ಜಾಸ್ತಿ ಹೋಗಲಿಲ್ಲ. ಊರಿನ ಲೆಕ್ಕ ಅವರಿಗೂ ಬೇಕಿತ್ತು. 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಕೈಕೆಳಗೆ ನಮ್ಮ ಜಿಲ್ಲೆಯಲ್ಲಿ ಸರ್ವೆ ನಡೆಯಿತು. ಹೊಲಹೊಲಕ್ಕೂ ನಂಬರ್ ಬಿತ್ತು. ಕಂದಾಯ ಇಷ್ಟು ಅಂತ ನಿಗದಿ ಆಯಿತು. ರೈತ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಅಲ್ಲಿಗೆ ನಡುವೆ ನಿಂತ ದೇಸಾಯಿಗೆ ಏನು ಕೆಲಸ? ಈ ಪ್ರಶ್ನೆ ಸರ್ಕಾರಕ್ಕೂ ಬಂತು.

1852ರಲ್ಲಿ ಇನಾಮ್ ಕಮಿಷನ್ನಿಗೆ ಕಾಯ್ದೆಯ ಬಲ ಸಿಕ್ಕಿತು. ನಿಮ್ಮ ಇನಾಮಿಗೆ ಸನದು ಎಲ್ಲಿದೆ, ತೋರಿಸಿ ಅಂತ ಮನೆ ಮನೆ ಕೇಳಿದರು. ನೂರೈವತ್ತು ವರ್ಷದ ಕಾಗದ ಎಷ್ಟು ಮನೆಗಳಲ್ಲಿ ಉಳಿದಿರುತ್ತದೆ? ಗೆದ್ದಲು ತಿಂದಿತ್ತು, ಯುದ್ಧದಲ್ಲಿ ಸುಟ್ಟಿತ್ತು, ಬಾಯಿಮಾತಿನಲ್ಲೇ ನಡೆದು ಬಂದದ್ದೂ ಇತ್ತು. ಮುಂಬೈ ಪ್ರಾಂತದಲ್ಲಿ ಸುಮಾರು 35 ಸಾವಿರ ಇನಾಮುಗಳನ್ನು ತನಿಖೆ ಮಾಡಿ, ಅದರಲ್ಲಿ ಸುಮಾರು 20 ಸಾವಿರವನ್ನು ಸರ್ಕಾರ ಕಿತ್ತುಕೊಂಡಿತು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ದಕ್ಷಿಣ ಮರಾಠಾ ಸೀಮೆ ಅಂತ ಆಗ ಕರೆಯುತ್ತಿದ್ದ ನಮ್ಮ ನಾಡಿನಲ್ಲಿ 1857ರ ಸಿಟ್ಟು ಬಂದದ್ದು ಇಲ್ಲಿಂದ. ಕೊಬ್ಬು ಸವರಿದ ತೋಟಾದ ಕಥೆಯನ್ನು ಶಾಲೆಯಲ್ಲಿ ಓದಿದ್ದೇವೆ. ನಮ್ಮ ಕಡೆ ವಿಷಯ ಕಾಗದದ್ದು.

ಈಗ ನರಗುಂದಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಗದಗ ಜಿಲ್ಲೆಯ ನರಗುಂದ ಎರೆಭೂಮಿಯ ನಡುವೆ ಒಂದೇ ಗುಡ್ಡದ ಕೆಳಗಿರುವ ಊರು. ಗುಡ್ಡದ ಮೇಲೆ ಕೋಟೆ. ಕೆಳಗೆ ಊರು ಮತ್ತು ದೊರೆಯ ವಾಡೆ. ಆಳಿದವರು ಭಾವೆ ಮನೆತನದವರು. ಈ ಮನೆತನ ಒಮ್ಮೆ ಪೂರ್ತಿ ಮುಳುಗಿ ಎದ್ದಿತ್ತು. 1785ರಲ್ಲಿ ಟಿಪ್ಪೂ ಸೈನ್ಯ ನರಗುಂದವನ್ನು ಮುತ್ತಿ ಹಿಡಿಯಿತು. ದೊರೆ ವೆಂಕಟರಾವ್ ಸೆರೆಯಾದ. ಎರಡು ವರ್ಷದ ಮೇಲೆ ಒಪ್ಪಂದವಾಗಿ ಊರು ಮತ್ತೆ ಮರಾಠರ ಕಡೆ ಬಂತು, ಮನೆತನವೂ ವಾಪಸ್ ಬಂತು. ಕತ್ತಿಯಿಂದ ಹೋದದ್ದು ಒಪ್ಪಂದದಿಂದ ಬರುತ್ತಿದ್ದ ಕಾಲ ಅದು. ಎದುರಾಳಿ ಕೂಡ ರಾಜನೇ ಆಗಿದ್ದರಿಂದ ಆ ಆಟದ ನಿಯಮ ಇಬ್ಬರಿಗೂ ಗೊತ್ತಿತ್ತು.

1842ರಲ್ಲಿ ಭಾಸ್ಕರರಾವ್ ಪಟ್ಟಕ್ಕೆ ಬಂದ. ಊರವರು ಬಾಬಾಸಾಹೇಬ ಅಂತ ಕರೆಯುತ್ತಿದ್ದರು. ಓದಿಕೊಂಡವನು. ಅವನ ವಾಡೆಯಲ್ಲಿ ಸಾವಿರಾರು ಸಂಸ್ಕೃತ ಹೊತ್ತಿಗೆಗಳ ಭಂಡಾರ ಇತ್ತು. ದಕ್ಷಿಣ ಮರಾಠಾ ಸೀಮೆಯಲ್ಲೇ ಅಂಥದ್ದು ಇನ್ನೊಂದಿಲ್ಲ ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ನನಗೆ ಈ ವಾಡೆಯ ಬಗ್ಗೆ ಯೋಚಿಸುವಾಗಲೆಲ್ಲ ಫಿರಂಗಿಗಿಂತ ಮೊದಲು ಆ ಪುಸ್ತಕದ ಕೋಣೆ ಕಣ್ಣಿಗೆ ಬರುತ್ತದೆ. ನಾವು ಬಾಬಾಸಾಹೇಬನ ಚಿತ್ರ ಬರೆದರೆ ಕೈಯಲ್ಲಿ ಕತ್ತಿ ಕೊಡುತ್ತೇವೆ. ಪುಸ್ತಕ ಯಾರೂ ಕೊಡುವುದಿಲ್ಲ.

ಅವನಿಗೆ ಗಂಡು ಮಗು ಉಳಿಯಲಿಲ್ಲ. 1846ರಲ್ಲಿ ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಕಂಪನಿ ಕೊಡಲಿಲ್ಲ. ಇದು ಹೊಸ ಸಂಗತಿ ಏನಲ್ಲ. ಇಪ್ಪತ್ತೆರಡು ವರ್ಷ ಹಿಂದೆ ಕಿತ್ತೂರಿನಲ್ಲೂ ಹೀಗೇ ಆಗಿತ್ತು. ಅಲ್ಲಿ ದತ್ತು ಒಪ್ಪದೆ ಖಜಾನೆಗೆ ಕೈ ಹಾಕಿದ ಥ್ಯಾಕರೆ ನಮ್ಮ ಧಾರವಾಡದ ಕಲೆಕ್ಟರನೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ. ಆಮೇಲೆ ಕಿತ್ತೂರಿನ ಕೋಟೆ, ಅರಮನೆ ಎರಡೂ ಹಾಳಾದವು. ಇದನ್ನೆಲ್ಲ ಬಾಬಾಸಾಹೇಬ ಕೇಳಿಕೊಂಡೇ ಬೆಳೆದಿರಬೇಕು. ಕಿತ್ತೂರು ನರಗುಂದಕ್ಕೆ ದೂರ ಏನಿಲ್ಲ.

ದತ್ತು ಇಲ್ಲ ಅಂದರೆ ಏನರ್ಥ? ದೊರೆ ಕಣ್ಣು ಮುಚ್ಚಿದ ದಿನ ಸಂಸ್ಥಾನ ಕಂಪನಿಗೆ. ವಾಡೆಯಲ್ಲಿ ದೀಪ ಹಚ್ಚುವವರು ಇದ್ದರೂ ಲೆಕ್ಕಕ್ಕೆ ಯಾರೂ ಇಲ್ಲ. ಅಂದಿನಿಂದ ಹನ್ನೆರಡು ವರ್ಷ ಆ ಮನೆ ಹಾಗೇ ನಡೆಯಿತು. ಹಬ್ಬ ನಡೆದಿರುತ್ತದೆ, ಸದರು ಕೂಡಿರುತ್ತದೆ. ಆದರೆ ಎಲ್ಲರಿಗೂ ಗೊತ್ತು, ಇದು ಈತನ ಉಸಿರು ಇರುವ ತನಕ ಮಾತ್ರ. ಆಳು, ಸಾಲ ಕೊಟ್ಟವನು, ಬೀಗರು, ಎಲ್ಲರೂ ಅದೇ ಲೆಕ್ಕ ಹಾಕುತ್ತಿದ್ದರು.

1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾವ್ ಬಂಡೆದ್ದ. ಹಮ್ಮಿಗೆಯ ಕೆಂಚನಗೌಡ ಜೊತೆಯಾದ. ನರಗುಂದದವನೂ ಸೇರುತ್ತಾನೆ ಅಂತ ಗುಮಾನಿ ಬಂದು, ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಕಡೆಯಿಂದ ಹೊರಟ. ರಾಮದುರ್ಗದ ದೊರೆ ಬಾಬಾಸಾಹೇಬನ ಮಲತಮ್ಮ. ಈ ಮ್ಯಾನ್ಸನ್ ಹಿಂದೆ ಇನಾಮ್ ಕಮಿಷನ್ನಿನ ಕೆಲಸದಲ್ಲಿದ್ದವನು ಎಂಬುದನ್ನು ನೆನಪಿಡಬೇಕು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಕಡೆಯವರು ಅವನನ್ನು ಕೊಂದರು. ರುಂಡವನ್ನು ನರಗುಂದಕ್ಕೆ ತಂದು ಅಗಸಿಗೆ ತೂಗುಹಾಕಿದರು. ಊರಲ್ಲಿ ಇವತ್ತಿಗೂ ಕೆಂಪಗಸಿ ಅಂತ ಕೇಳಿದರೆ ತೋರಿಸುತ್ತಾರೆ.

ಆಮೇಲೆ ಎಲ್ಲ ಬೇಗ ಮುಗಿಯಿತು. ಜೂನ್ 1ಕ್ಕೆ ಕಂಪನಿಯ ಸೇನಾಧಿಕಾರಿ ಮಾಲ್ಕಮ್‌ನ ಪಡೆ ಬಂತು. ಜೂನ್ 2ಕ್ಕೆ ಕೋಟೆ ಕೈ ಸೇರಿತು. ಬಾಬಾಸಾಹೇಬ ತೊರಗಲ್ಲ ಕಡೆ ಕಾಡಿನಲ್ಲಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿದರು. ಮೇ 29ರಿಂದ ಜೂನ್ 12. ಎರಡು ವಾರ. ಅಷ್ಟರಲ್ಲಿ ಮನೆತನ ಇಲ್ಲ, ವಾಡೆ ಇಲ್ಲ, ಪುಸ್ತಕ ಇಲ್ಲ.

ಈಗ ನಾನು ಹೇಳಬೇಕಾದದ್ದು ಕೇಳಿ. ಅದೇ 1858ರ ನವೆಂಬರ್ 1ರಂದು ರಾಣಿ ವಿಕ್ಟೋರಿಯಾಳ ಘೋಷಣೆ ಬಂತು. ದೇಶೀ ದೊರೆಗಳ ಹಕ್ಕು, ಮಾನ ಕಾಪಾಡುತ್ತೇವೆ ಅಂತ ಮಾತು ಕೊಟ್ಟರು. 1862ರಲ್ಲಿ ಲಾರ್ಡ್ ಕ್ಯಾನಿಂಗ್ ದೊರೆಗಳಿಗೆ ದತ್ತಕದ ಸನದುಗಳನ್ನೇ ಹಂಚಿದ. ಅಂದರೆ ನರಗುಂದದವನು ಯಾವುದಕ್ಕೆ ಹನ್ನೆರಡು ವರ್ಷ ಕಾದನೋ, ಯಾವುದು ಸಿಗದೆ ಗಲ್ಲಿಗೆ ಹೋದನೋ, ಅದು ಅವನು ಸತ್ತು ನಾಲ್ಕೇ ವರ್ಷಕ್ಕೆ ಉಳಿದವರ ಮನೆ ಬಾಗಿಲಿಗೆ ಬಂತು. ತಲೆ ಕೊಟ್ಟವನ ವಾಡೆ ಬಯಲಾಯಿತು. ಸುಮ್ನೆ ಕೂತಿದ್ದವರ ವಾಡೆ ಉಳಿಯಿತು. ನಮ್ಮ ಭಾಗದಲ್ಲಿ ನಿಂತಿರುವ ಎಷ್ಟೋ ದೊಡ್ಡ ಮನೆಗಳು ಬಾಬಾಸಾಹೇಬನಿಗೆ ಋಣಿ. ಆ ಮನೆಗಳವರು ಇದನ್ನು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು.

ಇದಕ್ಕೆ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ನವಲಗುಂದ–ಶಿರಸಂಗಿಯ ದೇಸಗತಿ. ಶಿರಸಂಗಿ ಇಂದು ಬೆಳಗಾವಿ ಜಿಲ್ಲೆಯಲ್ಲಿದೆ, ನವಲಗುಂದ ಧಾರವಾಡ ಜಿಲ್ಲೆಯಲ್ಲಿ. ಇಲ್ಲಿಯೂ ಗಂಡು ಸಂತಾನ ಇಲ್ಲ. ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಒಬ್ಬ ಹುಡುಗನನ್ನು ದತ್ತು ತಂದರು. ನರಗುಂದದಲ್ಲಿ ಆದಂತೆ ಇಲ್ಲಿ ರಕ್ತ ಹರಿಯಲಿಲ್ಲ. ಕಾಲ ಬದಲಾಗಿತ್ತು. ಆ ಹುಡುಗನೇ ಲಿಂಗರಾಜ ದೇಸಾಯಿ. ಅವರಿಗೂ ಮಕ್ಕಳು ಉಳಿಯಲಿಲ್ಲ. ಮತ್ತೊಂದು ದತ್ತು ಮಾಡಿ ವಾಡೆಯನ್ನು ಮುಂದುವರಿಸಬಹುದಿತ್ತು. ಅದು ಬಿಟ್ಟು ಆಸ್ತಿಯನ್ನೆಲ್ಲ ಲಿಂಗಾಯತ ಮಕ್ಕಳ ಓದಿಗೆ ಅಂತ ಬರೆದಿಟ್ಟರು. 1904ರಲ್ಲಿ ಇದೇ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಅವರು. 1906ರಲ್ಲಿ ತೀರಿಕೊಂಡರು.

ಊರಿನ ಹಿರಿಯರು ಆಗ ಏನಂದಿರಬೇಕು? "ವಾಡೆ ಹಾಳು ಮಾಡಿದ" ಅಂತಲೇ ಅಂದಿರುತ್ತಾರೆ. ಮುಂದಿನ ನೂರು ವರ್ಷದಲ್ಲಿ ಆ ಟ್ರಸ್ಟಿನ ದುಡ್ಡಿನಲ್ಲಿ ಓದಿದವರು ಡಾಕ್ಟರು, ವಕೀಲರು, ಮಾಸ್ತರರು ಆದರು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಕಾಲೇಜಿಗೆ ಲಿಂಗರಾಜರ ಹೆಸರಿದೆ. ಹೆಸರು ಉಳಿಸಲು ದತ್ತು ಮಗ ಬೇಕು ಅನ್ನುತ್ತಾರೆ. ಅವರ ಹೆಸರನ್ನು ಅವರ ಕುಲಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಮಕ್ಕಳು ಪ್ರತಿ ವರ್ಷ ಫಾರ್ಮಿನಲ್ಲಿ ಬರೆಯುತ್ತಾರೆ. ಒಂದು ಜಾತಿಯ ಮಕ್ಕಳಿಗೆ ಮಾತ್ರ ಯಾಕೆ ಅಂತ ಇವತ್ತು ಯಾರಾದರೂ ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. 1906ರಲ್ಲಿ ಹಳ್ಳಿಯ ಒಕ್ಕಲು ಮಕ್ಕಳು ಹೈಸ್ಕೂಲು ಮುಟ್ಟುವುದು ಎಷ್ಟು ಕಷ್ಟ ಇತ್ತು ಅನ್ನುವುದನ್ನೂ ಜೊತೆಗೇ ಲೆಕ್ಕ ಹಿಡಿಯಬೇಕು, ಅಲ್ವಾ?

ಉಳಿದ ವಾಡೆಗಳ ಕಥೆ ಇಷ್ಟು ಚೆಂದ ಇಲ್ಲ. 1860ರ ದಶಕದಲ್ಲಿ ಗಾರ್ಡನ್ ಎಂಬ ಅಧಿಕಾರಿಯ ಹೆಸರಿನಲ್ಲಿ ಗಾರ್ಡನ್ ಸೆಟ್ಲ್‌ಮೆಂಟ್ ಅಂತ ಒಂದು ಏರ್ಪಾಟು ಆಯಿತು. ಅದರ ಸಾರ ಇಷ್ಟೇ: ದೇಸಾಯರೇ, ದೇಶಪಾಂಡೆಯವರೇ, ನೀವಿನ್ನು ಸರ್ಕಾರಿ ಚಾಕರಿ ಮಾಡುವುದು ಬೇಡ. ನಿಮ್ಮ ಹಕ್ಕಿನಲ್ಲಿ ಒಂದು ಪಾಲು ನಾವು ಮುರಿದುಕೊಳ್ಳುತ್ತೇವೆ, ಮಿಕ್ಕದ್ದನ್ನು ತಲೆತಲಾಂತರಕ್ಕೆ ತಿನ್ನಿ. ಕೆಲಸ ಇಲ್ಲ, ಸಂಬಳ ಇದೆ! ಆ ದಿನ ಎಲ್ಲರೂ ಸಂತೋಷಪಟ್ಟಿರಬೇಕು. ನನ್ನ ಲೆಕ್ಕದಲ್ಲಿ ವಾಡೆ ನಿಜವಾಗಿ ಬಿದ್ದದ್ದು ಆ ದಿನ. ಸದರು ಖಾಲಿಯಾಯಿತು. ಕಟ್ಟೆ ಮೇಲೆ ಕಾಯುವವರು ಮಾಮಲೇದಾರ ಕಚೇರಿಗೆ ಹೋದರು. ಊರಿಗೆ ವಾಡೆ ಬೇಕಾಗಿಯೇ ಇಲ್ಲ. ವಾಡೆಗೆ ಮಾತ್ರ ಊರಿನ ದುಡಿಮೆ ಬೇಕು. ಅಂಥ ಸಂಬಂಧ ಎಷ್ಟು ದಿನ ಬಾಳುತ್ತದೆ?

ಆ ಖಾಲಿ ಹೊತ್ತಿನಲ್ಲಿ ಜನ ಬೇರೆ ಬೇರೆ ಕೆಲಸ ಮಾಡಿದರು. ಹಲವರು ಅಣ್ಣತಮ್ಮಂದಿರ ಮೇಲೆ ದಾವೆ ಹಾಕಿದರು. ಧಾರವಾಡದ ವಕೀಲಿ ವೃತ್ತಿ ಬೆಳೆದದ್ದರಲ್ಲಿ ವಾಡೆಗಳ ಪಾಲು ಸಣ್ಣದಲ್ಲ. ಇಲ್ಲಿ ವಕೀಲರು ಇದ್ದೀರಿ, ನಗುತ್ತಿದ್ದೀರಿ, ಸರಿ. ಕೆಲವರು ಮಾತ್ರ ನಾಟಕ, ಸಂಗೀತದ ಕಡೆ ತಿರುಗಿದರು. ನಮ್ಮ ಪುಣ್ಯ.

ಕುಂದಗೋಳದ ನಾಡಿಗೇರ ವಾಡೆ ನಿಮಗೆಲ್ಲ ಗೊತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಸ್ವಲ್ಪ ಹೊತ್ತು. ಕುಂದಗೋಳ ಆಗ ಬ್ರಿಟಿಷ್ ಧಾರವಾಡಕ್ಕೆ ಸೇರಿರಲಿಲ್ಲ. ಜಮಖಂಡಿಯ ಪಟವರ್ಧನರ ಸಂಸ್ಥಾನದ ಒಂದು ತುಂಡು ಇಲ್ಲಿ ಬಂದು ಬಿದ್ದಿತ್ತು. ನಮ್ಮ ಸೀಮೆಯ ನಕಾಶೆ ಹಾಗೇ ಇತ್ತು. ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು. ಒಂದು ದಿನದ ಬಂಡಿ ಪ್ರಯಾಣದಲ್ಲಿ ಮೂರು ಸರ್ಕಾರ ದಾಟಬೇಕಿತ್ತು.

ಆ ನಾಡಿಗೇರ ವಾಡೆಯಲ್ಲಿ ರಂಗನಗೌಡ ನಾಡಿಗೇರರ ಹತ್ತಿರ ಗಣೇಶ ಸೌಂಶಿ ಎಂಬವರು ಕಾರಕೂನರಾಗಿದ್ದರು. ಅವರ ಮಗ ರಾಮಭಾವು, 1886ರಲ್ಲಿ ಹುಟ್ಟಿದವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನ್ ಸಾಹೇಬರು ಈ ಕಡೆ ಬಂದು ಹೋಗುತ್ತಿದ್ದ ಕಾಲ. ಹುಡುಗ ಅವರ ಶಿಷ್ಯನಾದ. ಮುಂದೆ ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವ ಅಂತ ಹೆಸರಾದ. ನಾಟಕ ಬಿಟ್ಟ ಮೇಲೆ ಕುಂದಗೋಳಕ್ಕೆ ವಾಪಸ್ ಬಂದು ಪಾಠ ಹೇಳಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಬರುತ್ತಿದ್ದರು. ಗದಗಿನಿಂದ ಮನೆ ಬಿಟ್ಟು ಓಡಿ, ಉತ್ತರ ಭಾರತವೆಲ್ಲ ಸುತ್ತಿದ ಭೀಮಸೇನ ಜೋಶಿ ಕೊನೆಗೆ 1936ರ ಹೊತ್ತಿಗೆ ಬಂದು ನಿಂತದ್ದೂ ಇದೇ ಊರಿನಲ್ಲಿ. ಜಲಂಧರದವರೆಗೆ ಹೋದ ಹುಡುಗನಿಗೆ ಅಲ್ಲಿಯವರು, ನಿನ್ನ ಊರ ಹತ್ತಿರವೇ ಗುರು ಇದ್ದಾರಲ್ಲ, ಹೋಗು ಅಂದರಂತೆ.

ಒಬ್ಬ ಕಾರಕೂನನ ಮಗ ಹಾಡುವುದನ್ನು ಕೇಳಿ ಬೆನ್ನು ತಟ್ಟಬೇಕು ಅಂತ ಆ ವಾಡೆಯ ಯಜಮಾನನಿಗೆ ಅನಿಸಿತಲ್ಲ, ಅದು ದೊಡ್ಡದು. ಇದಕ್ಕೆ ಸನದು ಬೇಕಾಗಿಲ್ಲ. ಬಿಡುವು ಬೇಕು, ಊಟಕ್ಕೆ ತೊಂದರೆ ಇರಬಾರದು, ಕಿವಿ ಇರಬೇಕು. ಮೊದಲಿನ ಎರಡು ಎಲ್ಲ ವಾಡೆಗಳಲ್ಲೂ ಇದ್ದವು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ಪುಣ್ಯತಿಥಿಯ ಸಂಗೀತ ಸಭೆ ಆ ವಾಡೆಯಲ್ಲಿ ವರ್ಷ ವರ್ಷ ನಡೆದುಕೊಂಡು ಬಂದಿದೆ. ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ದೇಶದ ಹೆಸರಿದೆ, ಮೈದಾನ ಇದೆ, ಪ್ರಾಯೋಜಕರು ಇದ್ದಾರೆ. ಕುಂದಗೋಳದ ಸಭೆಗೆ ಅಹೋರಾತ್ರಿ ಕೂತು ಕೇಳುವ ರೈತರು ಇದ್ದಾರೆ. ನನಗೆ ಯಾವುದು ಇಷ್ಟ ಅಂತ ಕೇಳಬೇಡಿ, ಮುಖ ನೋಡಿದರೇ ಗೊತ್ತಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕಾಗದಗಳ ಓಟ ಜೋರಾಯಿತು. 1948ರಲ್ಲಿ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಸೇರಿದವು. ಹಾವೇರಿ ಕಡೆಯವರಿಗೆ ಇದರಲ್ಲಿ ಸವಣೂರು ಮುಖ್ಯ. ಸವಣೂರಿನ ನವಾಬರ ಮನೆತನ ಔರಂಗಜೇಬ ವಿಜಾಪುರ ಗೆದ್ದ 1686ರ ಕಾಲದಿಂದ ಬಂದದ್ದು. ಒಂದು ಕಾಲಕ್ಕೆ ಬಂಕಾಪುರ, ತೊರಗಲ್ಲ, ಬೆಳಗಾವಿವರೆಗೂ ಹರಡಿತ್ತು. 1756ರಲ್ಲಿ ಪೇಶ್ವೆಯ ಮುತ್ತಿಗೆ, ಆಮೇಲೆ ಹೈದರ್, 1786ರಲ್ಲಿ ಟಿಪ್ಪೂ. ಹೈದರ್ ಮನೆತನದ ಜೊತೆ ಕೊಟ್ಟು ತರುವ ಬೀಗತನ ಮಾಡಿದ್ದರೂ ಲೂಟಿ ತಪ್ಪಲಿಲ್ಲ. ಬ್ರಿಟಿಷರ ಕಾಲಕ್ಕೆ ಉಳಿದದ್ದು ಸುಮಾರು 70 ಚದರ ಮೈಲಿ. 1901ರ ಜನಗಣತಿಯಲ್ಲಿ 18,446 ಜನ. ಇವತ್ತಿನ ಒಂದು ದೊಡ್ಡ ಹೋಬಳಿ ಅನ್ನಿ. ಅಷ್ಟರಲ್ಲೇ ಮುಸ್ಲಿಂ ನವಾಬರ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ವೃಂದಾವನ ಇದೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲೇ. ಇಂದು ಸವಣೂರು ಅಂದರೆ ಜನ ಮೊದಲು ಕೇಳುವುದು ಖಾರಾ, ಆಮೇಲೆ ದೊಡ್ಡಹುಣಸೆ ಮಠದ ಮರಗಳು. ನವಾಬರನ್ನು ಕೇಳುವವರು ಕಡಿಮೆ.

ಇನ್ನು ಸಣ್ಣ ವಾಡೆಗಳು. ಮುಂಬೈ ಸರ್ಕಾರದ 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ 1951ರ ಮೇ 1ರಿಂದ ಜಾರಿಗೆ ಬಂತು. ಒಂದೇ ದಿನದಲ್ಲಿ ಈ ವತನಗಳು ಇಲ್ಲವಾದವು. ಭೂಮಿ ಬೇಕಿದ್ದರೆ ಸರ್ಕಾರಕ್ಕೆ ಕಂದಾಯದ ಇಷ್ಟು ಪಟ್ಟು ಅಂತ ಕಟ್ಟಿ ಮರಳಿ ಪಡೆಯಬೇಕು. ಮರಳಿ ಪಡೆದ ಭೂಮಿಯಲ್ಲಿ ಉಳುತ್ತಿದ್ದವರು ಬೇರೆಯವರೇ. 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯ ದೊಡ್ಡ ತಿದ್ದುಪಡಿ ಬಂತು. ಫಾರ್ಮ್ ನಂಬರ್ 7 ತುಂಬಿ ಕೊಟ್ಟ ಗೇಣಿದಾರ ಭೂಮಿಯ ಒಡೆಯನಾದ. ವಾಡೆಯ ಮಂದಿ ಇದನ್ನು ಇವತ್ತಿಗೂ ಅನ್ಯಾಯ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ತಲೆಮಾರುಗಟ್ಟಲೆ ಉತ್ತವನ ಹೆಸರು ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಬಂದದ್ದು ನ್ಯಾಯವೇ. ಆದರೆ ಮನೆಯ ಯಜಮಾನ ಸತ್ತು ವಿಧವೆಯೊಬ್ಬಳೇ ಉಳಿದ ಸಣ್ಣ ಕುಲಕರ್ಣಿ ಮನೆಗೂ, ನೂರಾರು ಎಕರೆಯ ದೇಸಾಯಿಗೂ ಒಂದೇ ತಕ್ಕಡಿ ಹಿಡಿದರು ಅನ್ನುವ ಮಾತಿನಲ್ಲಿ ಹುರುಳಿದೆ.

ಇಲ್ಲಿಂದ ಮುಂದೆ ಗೋಡೆಯ ಸರದಿ. ವಾಡೆಯ ಮೇಲೆ ಹಂಚು ಇಲ್ಲ, ಮೇಲ್ಮುದ್ದೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಕರಲು ಮಣ್ಣು ತಂದು ಹರವಿ, ನೀರು ಹಾಕಿ, ಬಡಿಯಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಎರಡು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ. ಮೂರನೇ ವರ್ಷ ತೊಲೆಗೆ ಗೆದ್ದಲು. ಈ ಕೆಲಸಕ್ಕೆ ಹಿಂದೆ ಊರಿನ ಹತ್ತಿಪ್ಪತ್ತು ಆಳು ಬರುತ್ತಿದ್ದರು. ಕೂಲಿ ಕೊಟ್ಟದ್ದು ಕಡಿಮೆ, ಬಿಟ್ಟಿ ದುಡಿಸಿಕೊಂಡದ್ದು ಜಾಸ್ತಿ. ಅವರ ಮಕ್ಕಳು ಯಾಕೆ ಬರಬೇಕು? ಬರಲಿಲ್ಲ. ಮಾಳಿಗೆ ಸೋರಿತು. ಇದರಲ್ಲಿ ಶಾಪದ ಮಾತು ಎಲ್ಲಿಂದ ಬಂತು? ಸಿಟ್ಟಿನಿಂದ ಬಂದಿರಬೇಕು. ಆ ಸಿಟ್ಟಿಗೆ ಕಾರಣ ಇತ್ತು.

ನವಲಗುಂದ, ನರಗುಂದ, ಗದಗಿನ ಎರೆಭೂಮಿಯಲ್ಲಿ ಇನ್ನೊಂದು ಕಾಟ. ಮಳೆಗೆ ಉಬ್ಬುವ, ಬೇಸಿಗೆಗೆ ಬಿರಿಯುವ ನೆಲ ಅದು. ಬುನಾದಿ ಅಲುಗುತ್ತದೆ. ಹಳೆಯ ಮಣ್ಣಿನ ಗೋಡೆ ಅದರ ಜೊತೆ ಸ್ವಲ್ಪ ಬಾಗುತ್ತಿತ್ತು, ಬಿರುಕು ಬಿಟ್ಟರೆ ಮಣ್ಣಿನಿಂದಲೇ ಮೆತ್ತುತ್ತಿದ್ದರು. ಈಗ ಸಿಮೆಂಟ್ ಮೆತ್ತುತ್ತಾರೆ. ಒಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ಗೋಡೆ ಒಳಗೇ ಮೆದುವಾಗುತ್ತದೆ. ಇನ್ನೂ ಕೆಲವರು ಮೇಲ್ಮುದ್ದೆ ಕಿತ್ತು, ಹಳೆ ಗೋಡೆ ಮೇಲೆ ಸ್ಲ್ಯಾಬ್ ಹಾಕುತ್ತಾರೆ. ದಯವಿಟ್ಟು ಬೇಡ. ದುಡ್ಡು ಉಳಿಯಿತು ಅನಿಸಬಹುದು. ಸುಣ್ಣದ ಗಾರೆ ಗೊತ್ತಿರುವ ಗೌಂಡಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ, ಹುಡುಕಿ ಕರೆಸಿ.

ವಾಟ್ಣಿ ಆದ ವಾಡೆಯ ಕಥೆ ಹೇಳುವುದೇ ಬೇಡ. ನಾಲ್ಕು ಜನ ಅಣ್ಣತಮ್ಮಂದಿರಿಗೆ ನಾಲ್ಕು ಭಾಗ, ನಡುವಿನ ಚೌಕ ಎಲ್ಲರದು. ಎಲ್ಲರದು ಅಂದಮೇಲೆ ಯಾರೂ ರಿಪೇರಿ ಮಾಡುವುದಿಲ್ಲ. ಒಬ್ಬರು ಬೆಂಗಳೂರಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಅಮೆರಿಕದಲ್ಲಿ. ಇಲ್ಲಿ ಉಳಿದವರು ಒಂದು ದಿನ ಕಂಬ, ಬೋದಿಗೆ ಬಿಚ್ಚಿ ಮಾರುತ್ತಾರೆ. ಸಾಗವಾನಿಯ ಕೆತ್ತನೆ ಕಂಬಗಳಿಗೆ ರಿಸಾರ್ಟಿನವರು ಒಳ್ಳೆ ಬೆಲೆ ಕೊಡುತ್ತಾರೆ. ಮಾರಿದವರನ್ನು ಬೈಯುವುದು ಸುಲಭ. ಮಗಳ ಮದುವೆಗೆ, ಆಸ್ಪತ್ರೆ ಬಿಲ್ಲಿಗೆ ಮಾರಿದವರೂ ಇದ್ದಾರೆ.

ಇದರ ನಡುವೆ ಒಂದು ತಮಾಷೆ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ, ಕನಕದಾಸರು ಹುಟ್ಟಿದ ಊರಲ್ಲಿ, ಸರ್ಕಾರ ಹೊಸದಾಗಿ ಒಂದು ಅರಮನೆ ಕಟ್ಟಿಸಿದೆ. ವಿಜಯನಗರದ ಶೈಲಿ. ಚೆನ್ನಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಅದೇ ತಾಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಹಳೆ ಬದುಕನ್ನು ಸಿಮೆಂಟಿನ ಮೂರ್ತಿಗಳಲ್ಲಿ ನೋಡಬಹುದು. ಅದೂ ಚೆನ್ನಾಗಿದೆ. ಟಿಕೆಟ್ ಕೊಟ್ಟು ಸಿಮೆಂಟಿನ ಪಡಸಾಲೆ ನೋಡಿ ಬಂದು, ಊರಲ್ಲಿರುವ ನಿಜವಾದ ಪಡಸಾಲೆಗೆ ಜೆಸಿಬಿ ಕರೆಸುತ್ತೇವೆ ನಾವು. ಎಲ್ಲ ವಾಡೆ ಉಳಿಸಿ ಅಂತ ನಾನು ಹೇಳುವುದಿಲ್ಲ. ಆಗುವುದೂ ಇಲ್ಲ, ಅಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಗಟ್ಟಿ ಇರುವ, ಒಬ್ಬನೇ ಮಾಲೀಕ ಇರುವ, ಊರಿಗೆ ಏನಾದರೂ ಉಪಯೋಗಕ್ಕೆ ಬರುವ ನಾಲ್ಕಾರು ಉಳಿದರೆ ಸಾಕು. ಲೈಬ್ರರಿ ಮಾಡಿ, ಸಂಗೀತದ ಶಾಲೆ ಮಾಡಿ, ಮದುವೆಗೆ ಬಾಡಿಗೆ ಕೊಡಿ, ಪರವಾಗಿಲ್ಲ. ಹೊಗೆ ಆಡದ, ಕಸ ಗುಡಿಸದ ಮನೆ ಸರ್ಕಾರದ ಬೋರ್ಡು ಹಾಕಿದರೂ ನಿಲ್ಲುವುದಿಲ್ಲ.

ಕಟ್ಟಡಕ್ಕಿಂತ ನನಗೆ ಹೆಚ್ಚು ಅವಸರ ಅನಿಸಿರುವುದು ಆ ದಫ್ತರದ ಗಂಟುಗಳದ್ದು. ವಾಡೆ ಖಾಲಿ ಮಾಡುವಾಗ ಅಟ್ಟದಿಂದ ಮೊದಲು ಹೊರಗೆ ಬೀಳುವುದು ಅವೇ. ಓದಲು ಬರದ ಮೋಡಿ ಲಿಪಿ, ಮರಾಠಿ ಭಾಷೆ, ನಡುನಡುವೆ ಕನ್ನಡ. ರದ್ದಿಗೂ ಹೋಗಿವೆ, ಒಲೆಗೂ ಹೋಗಿವೆ. ಯಾವ ವರ್ಷ ಬರ ಬಂತು, ಯಾವ ಹಳ್ಳಿ ಬಿಟ್ಟು ಯಾರು ಹೋದರು, ಯಾವ ಕೆರೆಗೆ ಯಾರು ಎಷ್ಟು ದಿನ ದುಡಿದರು, ಎಲ್ಲ ಅದರಲ್ಲಿದೆ. ದೇಸಾಯರ ಹೆಸರಿಗಿಂತ ಅವರ ಹೊಲದಲ್ಲಿ ದುಡಿದವರ ಹೆಸರುಗಳೇ ಅಲ್ಲಿ ಹೆಚ್ಚು ಸಿಗುತ್ತವೆ. ಆ ಮಂದಿಯ ಹೆಸರು ಬೇರೆಲ್ಲೂ ಬರೆದಿಲ್ಲ.

ಆದ್ದರಿಂದ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಬೀಗರ ಮನೆಯಲ್ಲೋ ಇಂಥ ಗಂಟು ಇದ್ದರೆ ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ಕಿನಲ್ಲೂ ಕಟ್ಟಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ನೆಲದಿಂದ ಮೇಲಿಡಿ. ಮೊಬೈಲಿನಲ್ಲಿ ಒಂದೊಂದೇ ಹಾಳೆಯ ಫೋಟೋ ತೆಗೆಯಿರಿ, ಅಂಚು ಕತ್ತರಿಸದಂತೆ. ಯಾವ ಊರು, ಯಾರ ಮನೆ ಅಂತ ಒಂದು ಚೀಟಿ ಬರೆದಿಡಿ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ ಇಲ್ಲೇ ಇದೆ, ವಿಚಾರಿಸಿ. ಕಾಗದ ತೋರಿಸಿದರೆ ಆಸ್ತಿ ಹೋಗುತ್ತದೆ ಅನ್ನುವ ಭಯ ಕೆಲವರಿಗೆ ಇದೆ. ಹೋಗಬೇಕಾದ ಆಸ್ತಿ 1951ರಲ್ಲಿ, 1974ರಲ್ಲಿ ಹೋಗಿ ಆಗಿದೆ. ಈಗ ಹೆದರುವ ಕಾರಣ ಇಲ್ಲ.

ಮೋಡಿ ಓದಲು ಬರುವ ಹಿರಿಯರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಚಹಾ ಹೊತ್ತಿನಲ್ಲಿ ನನ್ನನ್ನು ಕಾಣಿ. ಕಲಿಯಬೇಕು ಅನ್ನುವ ಹುಡುಗರು ಕೆಲವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಕೈಗೆ ನಿಮ್ಮನ್ನು ಒಪ್ಪಿಸಿ ನಾನು ಮನೆಗೆ ಹೋಗುತ್ತೇನೆ.